ಎರಿ ಏನ, ಮಸಾರಿ ಏನ

ಧಾರವಾಡದ ಒಂದು ಮಗ್ಗುಲಿಗೆ ಕಪ್ಪು ಎರೆ ಮಣ್ಣು, ಇನ್ನೊಂದು ಮಗ್ಗುಲಿಗೆ ಕೆಂಪು ಮಸಾರಿ. ನನ್ನ ಗಂಡನದು ಬೀಜದ ಅಂಗಡಿ. ಯಾರು ಎಲ್ಲಿಂದ ಬಂದರೂ ನನ್ನವರು ಮೊದಲು ಕೇಳುತ್ತಿದ್ದುದು ಒಂದೇ: "ನಿಮ್ಮ ಕಡೆ ಎರಿ ಏನ, ಮಸಾರಿ ಏನ?"

ಮಗಳು ಅಂತರರಾಷ್ಟ್ರೀಯ ಕೃಷಿ ಪದವಿಗೆ ಕಾಲೇಜು ಹುಡುಕುವಾಗ ಪ್ರತಿ ಕಾಲೇಜಿನ ಹೆಸರಿಗೂ ಅವರದು ಅದೇ ಪ್ರಶ್ನೆ. ಕೊನೆಗೆ ಎರಡು ಉಳಿದವು. ನೆದರ್ಲೆಂಡ್ಸ್‌ನದು ಅವಳ ಆಸೆ. ಅದು ಬೇಡವಾದರೆ ಇಲ್ಲಿಯೇ ಸಾಧಾರಣ ಕೃಷಿ ಪದವಿ. ಆ ದೇಶದ ಮಣ್ಣು ಎಂಥದ್ದೆಂದು ಅವಳು ತಿಳಿದು ಹೇಳುವ ಮೊದಲೇ ಅವರು ತೀರಿಕೊಂಡರು. ಆಮೇಲೆ ನನಗೆ ಅವಳು ಇಲ್ಲೇ ನನ್ನ ಹತ್ತಿರ ಇರಲಿ ಎನ್ನಿಸಿತು.

ಅವರ ದಿನಕರ್ಮದಂದು ಕೆಲಗೇರಿ ಕೆರೆಯ ದಂಡೆಯಲ್ಲಿ ಎಡೆ ಇಟ್ಟೆವು. ಕಾಗೆ ಬೇವಿನ ಕೊಂಬೆಯಿಂದ ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಅದೇನೆಂದು ಊಹಿಸಿ ಮಾತು ಕೊಡಬೇಕು.

"ಅಂಗಡಿ ನಾ ನೋಡ್ಕೋತೀನೋ ತಮ್ಮಾ," ಎಂದರು ಭಾವ.

"ಅದನ್ನ ಕೇಳೇ ಅಂವ ಹೆದರ್ಯಾನಣ್ಣಾ," ಎಂದಳು ನಾದಿನಿ. ಒಬ್ಬಿಬ್ಬರು ನಕ್ಕರು. ಅವಳು ಕೊಂಬೆಯ ಕಡೆ ಕೈಮುಗಿದು, "ಮಗಳನ್ನ ಪರದೇಶಕ್ಕ ಕಳಸೂದಿಲ್ಲಪಾ. ಇಲ್ಲೇ ಕಲೀತಾಳ. ಬಾ, ಉಣ್ಣು," ಎಂದಳು.

ಕಾಗೆ ನಮಗೆ ಬೆನ್ನು ತಿರುಗಿಸಿ ಕೂತಿತು.

ಗಾಳಿ ನಿಂತಿತ್ತು. ಯಾರೂ ಮಾತಾಡಲಿಲ್ಲ. ಆಗ ನನ್ನ ಪಕ್ಕ ಕೂತಿದ್ದ ಮಗಳು ತಲೆ ಎತ್ತಿ, ಮನೆಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದಳು: "ಎರಿನೂ ಅಲ್ಲಪ್ಪಾ, ಮಸಾರಿನೂ ಅಲ್ಲ. ಆ ದೇಶದಾಗ ಸಮುದ್ರ ಹಿಂದ ಸರಿಸಿ ಮಾಡಿದ ನೆಲ ಐತಿ. ಬೂದಿ ಬಣ್ಣದ ಮಣ್ಣು."

ಕಾಗೆ ಈಚೆ ತಿರುಗಿ ಕತ್ತು ಓರೆ ಮಾಡಿತು. ಉತ್ತರ ಕೇಳಿಸಿಕೊಳ್ಳುವಾಗ ನನ್ನವರು ಹಾಗೇ ಮಾಡುತ್ತಿದ್ದರು. ಆಮೇಲೆ ಇಳಿದು ಬಂದು ಅನ್ನ ಮುಟ್ಟಿತು.

ಮರಳುವಾಗ ಕೇಳಿದೆ: "ಮಣ್ಣಿನ ಮಾತು ಈಗ್ಯಾಕ ತಗದಿ?"

"ನೀನ ಕೇಳಿದೆಲ್ಲವ್ವಾ, ಎರಿ ಏನ, ಮಸಾರಿ ಏನ ಅಂತ." ಅವಳು ನನ್ನ ಕೈ ಹಿಡಿದಳು. "ಅತ್ತು ಅತ್ತು ದನಿ ಒಡದೈತಿ ನಿಂದು. ಗಂಡಸರ ದನಿ ಆದಂಗ ಆಗೈತಿ."

ದಂಡೆಯಲ್ಲಿ ನಾನು ತುಟಿ ಬಿಚ್ಚಿರಲಿಲ್ಲ. ನಮ್ಮಿಬ್ಬರ ಹಿಂದೆ ಇದ್ದದ್ದು ಕೆರೆಯ ನೀರು ಮಾತ್ರ.

ಕೇಳಿದ್ದು ನಾನಲ್ಲ ಎಂದಷ್ಟು ಹೇಳಿದ್ದರೆ ಸಾಕಿತ್ತು. ಅಪ್ಪ ಇನ್ನೂ ಇಲ್ಲೇ ಕೇಳುತ್ತಾ ಇದ್ದಾರೆಂದು ತಿಳಿದರೆ ಅವಳು ಊರು ಬಿಡುತ್ತಿರಲಿಲ್ಲ.

"ಹೂಂ," ಎಂದೆ, "ನಾನ ಕೇಳಿದೆ."