ಅಮೋಘಿ ಉಸಿರು ಹಿಡಿದದ್ದು

ಅಥಣಿ ರಸ್ತೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಯಂತ್ರ ನಡೆಸುವವಳು ನಾನು, ವಿಶಾಖಾ. ಗಾಜಿನ ಈಚೆ ಕೂತು, ಒಳಗೆ ಮಲಗಿದವರ ಕಿವಿಗೆ ಮೈಕಿನಲ್ಲಿ "ಉಸಿರು ಹಿಡೀರಿ, ಉಸಿರು ಬಿಡ್ರಿ" ಎನ್ನುವುದೇ ನನ್ನ ದಿನದ ಮಾತು. ಯಾರೂ ತಿರುಗಿ ಮಾತಾಡುವುದಿಲ್ಲ, ಆಡಲೂಬಾರದು. ಆವತ್ತು ಒಳಗೆ ಮಲಗಿದ್ದ ಅಮೋಘಿ ಮಾತ್ರ ಆಡಿದ.

"ಉಸಿರು ಹಿಡೀರಿ."

"ಹಿಡದೇನ್ರಿ ಅಕ್ಕಾರ."

ಬಾಯಿ ಬಿಟ್ಟರೆ ಉಸಿರು ಎಲ್ಲಿ ನಿಲ್ಲುತ್ತದೆ? ಹೊಟ್ಟೆ ಅಲುಗಿ ಚಿತ್ರವೆಲ್ಲ ಕಲಸಿಹೋಯಿತು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. "ಮಾತಾಡಬ್ಯಾಡ್ರಿ ಅಂತ ಎಷ್ಟ ಸಲ ಹೇಳೂದು!" ಎಂದು ಒದರಿದೆ. "ಆತ್ರೀ, ಮಾತಾಡೂದಿಲ್ರಿ" ಎಂದು ಅದಕ್ಕೂ ಉತ್ತರ ಬಂತು.

ಎದ್ದು ಹೊರಗೆ ಹೋದೆ. ಬೆಂಚಿನ ಮೇಲೆ ಅವನ ತಂಗಿ ರೇಣುಕಾ ಒರಗಿ ಕೂತಿದ್ದಳು, ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ತಿಕೋಟಾ ಊರಿಗೆ ಮದುವೆ ಮಾಡಿ ಕೊಟ್ಟ ಹೆಣ್ಣು. ಅವಳ ಲಿವರ್ ಪೂರ್ತಿ ಕೆಟ್ಟಿತ್ತು. ಅಣ್ಣನ ಲಿವರಿನ ದೊಡ್ಡ ಪಾಲು ಕತ್ತರಿಸಿ ಅವಳಿಗೆ ಹಾಕಬೇಕು. ಹಾಗೆ ಕೊಡಲು ಬರುತ್ತದೋ ಇಲ್ಲವೋ ಎಂಬುದನ್ನು ಈ ಸ್ಕ್ಯಾನೇ ಹೇಳಬೇಕಿತ್ತು. ಮನೆಯಲ್ಲಿ ಬೇರೆ ಯಾರ ಲಿವರೂ ಅವಳಿಗೆ ಹೊಂದಿರಲಿಲ್ಲ.

"ನಮ್ಮಣ್ಣ ಹಂಗ ಅದಾನ್ರಿ ಮೇಡಮ್," ಎಂದಳು. "ಮೊಬೈಲ್ ಕಂಪನಿ ರೆಕಾರ್ಡ್ ಮಾತಾಡಿದ್ರೂ ಹೂನ್ರಿ ಅಂತಾನ. ಅವನ್ನ ಮಾತಾಡಸವ್ರು ಯಾರ ಅದಾರ?"

ಬಬಲೇಶ್ವರದ ಆಚೆ ಅವನು ಕುರಿ ಕಾಯುತ್ತಾನೆ. ಅಪ್ಪ ಅವ್ವ ಬೇಗ ಹೋದರು. ಇವಳನ್ನು ಹೆಗಲ ಮೇಲೆ ಹೊತ್ತು ಕುರಿಯ ಹಿಂದೆ ತಿರುಗಿ ಬೆಳೆಸಿದ, ಮದುವೆ ಮಾಡಿದ. ತನಗೆ ಹೆಣ್ಣು ಕೇಳಲು ಹೋದಲ್ಲೆಲ್ಲ ಚಹಾ ಕುಡಿಸಿ, ಕುರಿಯವನಿಗೆ ಕೊಡುವುದಿಲ್ಲವೆಂದು ಕಳಿಸಿದರು. ಈಗ ರಾತ್ರಿ ಯಾರದೋ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿ ಅಲ್ಲೇ ಮಲಗುತ್ತಾನೆ. ಕುರಿಯ ಗೊಬ್ಬರ ಬೇಕಾದ ರೈತ ಜಾಗ ತೋರಿಸಿ ಹೋದರೆ ಮುಗಿಯಿತು, ಆಮೇಲೆ ಮಾತಿಗೆ ಮನುಷ್ಯರಿಲ್ಲ. ಸಂತೆಗೆ ಬಂದಾಗ ಬೇಡದ ಸಾಮಾನಿಗೂ ದರ ಕೇಳುತ್ತಾನಂತೆ, ಅಂಗಡಿಯವರು ಎರಡು ಮಾತಾಡಲಿ ಎಂದು. ಕೇಳಿ ನನ್ನ ಸಿಟ್ಟು ಇಳಿಯಿತು.

ಮುಖ್ಯ ಚಿತ್ರ ಇನ್ನೂ ಬಾಕಿ ಇತ್ತು. ಕೈಯ ನರಕ್ಕೆ ಔಷಧ ಬಿಟ್ಟು, ಅದು ರಕ್ತದ ಜೊತೆ ಲಿವರಿನೊಳಗೆ ಹರಿಯುವಾಗಲೇ ತೆಗೆಯಬೇಕು. ಹೊಲಕ್ಕೆ ನೀರು ಬಿಟ್ಟು ಯಾವ ಮಡಿಗೆ ಎಷ್ಟು ಹೋಯಿತೆಂದು ನೋಡುವ ಹಾಗೆ. ಆಗ ತಪ್ಪಿದರೆ ಆ ದಿನ ಮತ್ತೆ ಔಷಧ ಕೊಡುವಂತಿಲ್ಲ. ರೇಣುಕಾಳ ಸ್ಥಿತಿಯಲ್ಲಿ ಕಾಯುವಂತೆಯೂ ಇರಲಿಲ್ಲ.

ಮೈಕಿನ ಸಹವಾಸವೇ ಬೇಡವೆಂದು, ಕಂಪ್ಯೂಟರಿನ ಮುಂದೆ ಜೊತೆಗಾರ ಅಕೀಬನನ್ನು ಕೂರಿಸಿ ನಾನೇ ಒಳಗೆ ಹೋದೆ. "ನಾ ಏನೂ ಹೇಳೂದಿಲ್ಲ. ಪಾದ ಒತ್ತಿದ್ರ ಉಸಿರು ಹಿಡೀರಿ, ಕೈ ತಗದ್ರ ಬಿಡ್ರಿ."

ಅವನು ಕಾಲು ಎಳೆದುಕೊಂಡ. "ಹೆಣ್ಮಕ್ಕಳು ಕಾಲ ಮುಟ್ಟಬಾರದ್ರಿ."

"ತಂಗಿ ಅಣ್ಣನ ಕಾಲ ಮುಟ್ಟೂದಿಲ್ಲೇನು? ಸುಮ್ಮ ಮಲಗೋ ಯಣ್ಣಾ."

ಕಾಲು ಚಾಚಿ ಕೇಳಿದ: "ಕೊಯ್ದ ಲಿವರ್ ಎಲ್ಲಿ ಇಡತಾರ ತಂಗಿ?"

"ತಣ್ಣನ್ನ ಔಷಧದ ನೀರಾಗ, ಬರ್ಫದ ಮ್ಯಾಲ. ಅಂದ್ರ ಕೆಡೂದಿಲ್ಲ."

"ಥಂಡಿ ಹತ್ತೂದಿಲ್ಲೇನು ಅದಕ್ಕ?"

ನಗು ತಡೆದುಕೊಂಡೆ. ಯಂತ್ರ ಗಡಗಡ ಶುರುವಾಯಿತು. ಔಷಧ ಹರಿದು, ಗಾಜಿನಾಚೆ ಅಕೀಬ ಕೈ ಎತ್ತಿದ ಕೂಡಲೇ ಬಿರುಕು ಬಿಟ್ಟ ಆ ಪಾದ ಒತ್ತಿದೆ. ಅಮೋಘಿ ಉಸಿರು ಹಿಡಿದ, ತುಟಿ ಬಿಚ್ಚಲಿಲ್ಲ. ಹೊರಗೆಳೆದಾಗ ನೋಡಿದರೆ ಕಣ್ಣೀರು ಕಿವಿಯವರೆಗೆ ಇಳಿದಿತ್ತು.

"ನೋವಾತೇನೋ ಯಣ್ಣಾ?"

"ಇಲ್ಲವಾ. ನನ್ನ ಯಾರರ ಮುಟ್ಟಿ ಭಾಳ ದಿನಾ ಆಗಿತ್ತು."

ಚಿತ್ರ ಸ್ವಚ್ಛವಾಗಿ ಬಂತು. ಮಧ್ಯಾಹ್ನ ನಮ್ಮ ಡಾಕ್ಟರು ಅವನನ್ನು ಕರೆದು, ನಿಧಾನವಾಗಿ ಹೇಳಿದರು: ಲಿವರಿನಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದೆ, ಆದರೆ ಎಡಭಾಗ ತೀರ ಸಣ್ಣದು. ಬಲಭಾಗ ತಂಗಿಗೆ ಕೊಟ್ಟರೆ ಉಳಿಯುವ ತುಣುಕು ಇವನಿಗೆ ಸಾಲುವುದಿಲ್ಲ. ಕೊಡಲು ಬರುವುದಿಲ್ಲ.

ಅಮೋಘಿಗೆ ಇದರಲ್ಲಿ ಅಡಚಣೆ ಏನೆಂದೇ ತಿಳಿಯಲಿಲ್ಲ.

"ಸಾಲತೈತ್ರಿ ಸಾಹೇಬರ," ಎಂದ, ಡಾಕ್ಟರಿಗೇ ಸಮಾಧಾನ ಹೇಳುವವನ ಹಾಗೆ. "ನಾ ಏನ, ಒಬ್ಬಾಂವ ಅದೀನಿ. ಒಬ್ಬಾಂವಗ ಎಷ್ಟ ಬೇಕಾಕೈತ್ರಿ?"