ನನಗಿಂತ ಮೊದಲು ಬಂದವನು

ಒಬ್ಬರೇ ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿಕೊಂಡರು ಎನ್ನುವಂಥ ಕಥೆಗಳನ್ನು ನಾನು ಯಾವತ್ತೂ ನಂಬಿದವನಲ್ಲ. ಯಾರಾದರೂ ಹೇಳಲು ಶುರುಮಾಡಿದರೆ, ನೋಡಿದವರು ಯಾರು, ಆಗ ಗಂಟೆ ಎಷ್ಟು, ದೂರ ಎಷ್ಟು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಭೌತಶಾಸ್ತ್ರ ಓದಿದ ಜಂಬ ಅದು. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ಅದೇ ಪ್ರಶ್ನೆಗಳನ್ನು ಕೇಳಿದರೆ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ದಿಲ್ಲಿಯಲ್ಲಿ ಕೆಲಸದಲ್ಲಿದ್ದೆ. ಮೈಸೂರಿನ ಶ್ರೀರಾಂಪುರದ ಮನೆಯಲ್ಲಿ ಅಪ್ಪಾಜಿ ಮತ್ತು ಅಕ್ಕ ಇದ್ದರು. ಎಂ.ಎಸ್ಸಿ. ಮುಗಿಸಿದ ವರ್ಷ ನಾನು ಕೊರಳಿನ ಲಿಂಗ ತೆಗೆದಿಟ್ಟಿದ್ದೆ. ಅಂದಿನಿಂದ ಅಪ್ಪಾಜಿ ನನ್ನೊಡನೆ ಮಾತು ಬಿಟ್ಟಿದ್ದರು. ಫೋನ್ ಮಾಡಿದರೆ ರಿಸೀವರನ್ನು ಅಕ್ಕನ ಕೈಗೆ ಕೊಟ್ಟುಬಿಡುತ್ತಿದ್ದರು. ಜನವರಿಯ ಒಂದು ಸಂಜೆ ಅಕ್ಕನೇ ಫೋನ್ ಮಾಡಿ, "ಡಾಕ್ಟ್ರು ಮನೆಗೆ ಕರ್ಕೊಂಡೋಗಿ ಅಂದ್ಬುಟ್ರು ಕಣೋ. ಅಪ್ಪಾಜಿ ನಿನ್ನನ್ನೇ ಕೇಳ್ತಾ ಇದಾರೆ, ಬಂದ್ಬುಡು" ಎಂದಳು.

ದಿಲ್ಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಹೆಚ್ಚುಕಡಿಮೆ ಎರಡೂಮುಕ್ಕಾಲು ಗಂಟೆ. ಅಲ್ಲಿಂದ ಮೈಸೂರಿಗೆ ಆಗಿನ ರಸ್ತೆಯಲ್ಲಿ ನಾಲ್ಕು ಗಂಟೆ. ಬೆಳಗಿನ ವಿಮಾನ ಸರಿಯಾಗಿ ಹೊರಟಿದ್ದರೆ ಮಧ್ಯಾಹ್ನಕ್ಕೆ ಮನೆಯಲ್ಲಿರುತ್ತಿದ್ದೆ. ಆದರೆ ದಿಲ್ಲಿಯ ತುಂಬ ಮಂಜು ಕವಿದಿತ್ತು. ಹನ್ನೊಂದು ದಾಟುವವರೆಗೂ ನಿಲ್ದಾಣದ ಕುರ್ಚಿಯಲ್ಲಿ ಕೂತು, ಅಪ್ಪಾಜಿ ಏನೆನ್ನಬಹುದು, ನಾನೇನು ಹೇಳಬೇಕು ಎಂದು ಅದನ್ನೇ ಯೋಚಿಸುತ್ತಿದ್ದೆ. ನಡುವೆ ತೂಕಡಿಸಿದ್ದೂ ಇರಬಹುದು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಪ್ಪಾಜಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದಿದ್ದರು. ಬೆಳಗ್ಗೆ ಹತ್ತರ ಸುಮಾರಿಗೇ ಪ್ರಾಣ ಹೋಗಿತ್ತು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದೆ. ಅಕ್ಕ ರೇಗಿದಳು: "ಎಲ್ಲೋ ಹೋಗಿದ್ದೆ ಇಷ್ಟೊತ್ತು? ಅಪ್ಪಾಜಿ ಬಾಯಿಗೆ ನೀರು ಬಿಟ್ಟು ಎದ್ದೋದೋನು ಈಗ ಬರ್ತಾ ಇದೀಯಲ್ಲ!"

ದುಃಖಕ್ಕೆ ಹೀಗಾಡುತ್ತಿದ್ದಾಳೆ ಎಂದುಕೊಂಡೆ. ಆದರೆ ಪಕ್ಕದ ಮನೆಯ ಮಾದೇವಪ್ಪನವರೂ ನಾನು ಬೆಳಗ್ಗೆಯೇ ಬಂದಿದ್ದೆ ಎಂದರು. "ನಾನೇ ಗೇಟು ತೆಗ್ದೆ ಕಣಪ್ಪ. ಮಾತಾಡ್ಸುದ್ರೂ ತಿರುಗಿ ನೋಡ್ಲಿಲ್ಲ ನೀನು. ದಿಲ್ಲಿ ನೀರು ಕುಡ್ದು ದೊಡ್ಡ ಮನ್ಸ ಆಗ್ಬುಟ್ಟವ್ನೆ ಅಂದ್ಕಂಡೆ."

ಜೇಬಿನಿಂದ ಬೋರ್ಡಿಂಗ್ ಪಾಸ್ ತೆಗೆದು ಅಕ್ಕನ ಮುಂದೆ ಹಿಡಿದೆ. ಅವಳು ಅದರ ಕಡೆ ಕಣ್ಣೂ ಹಾಯಿಸಲಿಲ್ಲ. "ಅದ್ಯಾಕೋ ನಂಗೆ? ಅಪ್ಪಾಜಿ ನಿನ್ನ ಕತ್ತು ಹಿಡಿದು ಬಗ್ಗಿಸ್ಕೊಂಡು ಕಿವೀಲಿ ಅಷ್ಟೊತ್ತು ಮಾತಾಡಿದ್ರಲ್ಲ, ಅದೇನಂದ್ರು ಹೇಳು. ನೀನು ಹೂಂ ಹೂಂ ಅಂತಿದ್ದೆ. ಆಮೇಲೆ ಎಷ್ಟು ನೆಮ್ಮದಿಯಾಗಿ ಹೋದ್ರು ಗೊತ್ತಾ?"

ನಾನು ಪಾಸನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ಆಮೇಲೆ ವರ್ಷಗಟ್ಟಲೆ ವಿವರಣೆ ಹುಡುಕಿದ್ದೇನೆ. ನನ್ನನ್ನು ಹೋಲುವ ನೆಂಟನೊಬ್ಬ ಬಂದಿರಬಹುದು ಎಂದರೆ, ಮಾದೇವಪ್ಪನವರು ಮೋಸ ಹೋದಾರು, ಅಕ್ಕ ಹೋಗುವವಳಲ್ಲ. ಕಾದು ಕಾದು ಅಕ್ಕನ ಕಣ್ಣಿಗೆ ಹಾಗೆ ಕಂಡಿರಬಹುದು ಎಂದರೆ, ಮಾದೇವಪ್ಪನವರು ನನಗಾಗಿ ಕಾದವರೇ ಅಲ್ಲ.

ಇಷ್ಟೇ ಆಗಿದ್ದರೆ ಬಿಟ್ಟುಬಿಡುತ್ತಿದ್ದೆ. ಈಚೆಗೆ ಅಪ್ಪಾಜಿಯ ಕುರುಚಲು ಗಡ್ಡ ನನ್ನ ಕೆನ್ನೆಗೆ ಒತ್ತಿದ್ದು, ಔಷಧಿ ವಾಸನೆಯ ಬಿಸಿ ಉಸಿರು ಕಿವಿಗೆ ತಾಗಿದ್ದು ನೆನಪಾಗತೊಡಗಿದೆ. ಅಕ್ಕ ಹೇಳಿ ಹೇಳಿ ನನ್ನೊಳಗೆ ಹುಟ್ಟಿಸಿದ ನೆನಪೋ, ನಡೆದದ್ದೋ, ಬೇರ್ಪಡಿಸಲಾರೆ. ಕ್ಷಮಿಸಿದರೋ, ಬೈದರೋ, ಏನಾದರೂ ಮಾಡೆಂದು ಮಾತು ತೆಗೆದುಕೊಂಡರೋ. ತುಟಿ ಅಲುಗುತ್ತಿರುವುದು ಕಿವಿಗೆ ಚೆನ್ನಾಗಿ ಗೊತ್ತಾಗುತ್ತದೆ. ಮಾತು ಮಾತ್ರ ಕೇಳಿಸುವುದಿಲ್ಲ.