ಉಪ್ಪುನೀರಿನ ತಂಬಿಗೆ

ನಮ್ಮ ಕಡೆ ಯಾರೇ ಮನೆ ಬಾಗಿಲಿಗೆ ಬರಲಿ, ಮೊದಲು ಒಂದು ತಂಬಿಗೆ ನೀರು ತಂದಿಡುತ್ತಾರೆ. ಹೆಸರು, ಊರು, ಬಂದ ಕೆಲಸ ಎಲ್ಲ ಆಮೇಲೆ. ಕಾಲಿಗಿಷ್ಟು ಸುರಿದುಕೊಂಡು, ಗಂಟಲಿಗಿಷ್ಟು ಇಳಿಸಿ ಒಳಗೆ ಕಾಲಿಡುವಷ್ಟರಲ್ಲಿ ಗುರುತಿಲ್ಲದವನೂ ಅರ್ಧ ನೆಂಟನಾಗಿರುತ್ತಾನೆ. ಚಿಕ್ಕೋಡಿಯ ನನ್ನ ಮನೆಯಲ್ಲೂ ಇದೇ ರೂಢಿ. ಆದರೆ ಗೆಳೆಯರೇ, ಈಚೆಗೆ ಆ ತಂಬಿಗೆಯನ್ನು ಹೊಸ್ತಿಲ ಬಳಿ ಇಡುವಾಗ ನನ್ನ ಕೈ ತುಸು ತಡೆಯುತ್ತದೆ.

ಇತಿಹಾಸದ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನನಗೊಂದು ಹುಚ್ಚು ಹತ್ತಿತ್ತು. ಊರಿಗೆ ಹೊಸದಾಗಿ ಬಂದಿದ್ದ ಸೈಬರ್ ಕೆಫೆಯಲ್ಲಿ ಕೂತು, ಎರಡನೆಯ ಮಹಾಯುದ್ಧದ ಒಂದು ಸಮುದ್ರ ಕಾಳಗದಲ್ಲಿ ಯಾವ ಹಡಗು ಮುಳುಗಿತು, ಯಾವುದು ಬಚಾವಾಯಿತು ಎಂದು ಆಧಾರಗಳನ್ನು ಒಂದಕ್ಕೊಂದು ತಾಳೆ ನೋಡುವುದು. "ಹಿತ್ತಲ ಬಾವಿ ಬತ್ತಾಕತ್ತೈತಿ, ನೀವು ಸಮುದ್ರ ಅಳ್ಯಾಕ ಹೊಂಟೀರಿ" ಎಂದು ಮನೆಯವಳು ಚುಡಾಯಿಸುತ್ತಿದ್ದಳು. ನನ್ನದೊಂದು ಹಟವಿತ್ತು: ಒಂದನ್ನೊಂದು ನಕಲು ಮಾಡದ ಎರಡು ಸಾಕ್ಷಿಗಳು ಸಿಕ್ಕದೆ ಯಾವ ಮಾತನ್ನೂ ನಂಬುತ್ತಿರಲಿಲ್ಲ.

ಆ ಕಾಳಗದಲ್ಲಿ ಒಂದು ಸರಕಿನ ಹಡಗು ಮುಳುಗಿತೆಂದು ಎಲ್ಲ ಪುಸ್ತಕಗಳೂ ಹೇಳುತ್ತಿದ್ದವು. ಬೆನ್ನು ಹತ್ತಿ ನೋಡಿದರೆ ಎಲ್ಲದರ ಮೂಲ ಒಂದೇ ಬಾಯಿ: ಮೇಲಿನಿಂದ ಬರೀ ಹೊಗೆ ಕಂಡು "ಮುಳುಗಿತು" ಎಂದು ವರದಿ ಕೊಟ್ಟ ಶತ್ರು ವಿಮಾನದವನು. ದೂರದ ಬಂದರೊಂದರ ಆಗಮನದ ದಾಖಲೆಯಲ್ಲೂ ರಿಪೇರಿಯ ಕಾಗದಗಳಲ್ಲೂ ಅದೇ ಹಡಗು ಕಾಳಗದ ನಂತರ ಕುಂಟುತ್ತ ಬಂದು ದಡ ಸೇರಿದ್ದು ಸ್ಪಷ್ಟವಾಗಿತ್ತು. ಸತ್ತದ್ದನ್ನು ಬದುಕಿಸಿದ ಹಮ್ಮಿನಲ್ಲಿ ನಾನು ಕಂಡಕಂಡವರಿಗೆಲ್ಲ ಇದನ್ನು ಹೇಳಿಕೊಂಡು ತಿರುಗಿದೆ.

ಸುದ್ದಿ ಶೇಡಬಾಳದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕಿವಿಗೆ ಬಿತ್ತು. ಅವನ ಅಜ್ಜಿ ಬಾಳವ್ವನ ಅಣ್ಣ ಅದೇ ಹಡಗಿನಲ್ಲಿ ಕಲ್ಲಿದ್ದಲು ಎತ್ತಿ ಹಾಕುವ ಕೆಲಸಕ್ಕೆ ಹೋದವನು ಮರಳಿ ಬಂದಿರಲಿಲ್ಲ. "ಆಯಿ ನಿಮ್ಮನ್ನ ಕರ್ಯಾಕತ್ತಾಳ್ರಿ ಸರ" ಎಂದು ಅವನ ಫೋನು ಬಂತು.

ನಾನು ಹೋದದ್ದು ಪಿತೃಪಕ್ಷದ ಅಮಾವಾಸ್ಯೆಯ ಮಧ್ಯಾಹ್ನ. ಕಬ್ಬಿಗೆ ನೀರುಣಿಸಿ ಉಣಿಸಿ ಸವಳು ಹಿಡಿದ ಅವರ ಹೊಲದಲ್ಲಿ ಮಣ್ಣೊಳಗಿನ ಉಪ್ಪು ಮೇಲೆದ್ದು ಹರಡಿತ್ತು. ಆ ಬಿಳುಪು ಬೇಲಿ ದಾಟಿ ಅಂಗಳದವರೆಗೂ ಬಂದಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಒಳಗೆ ಹಿರಿಯರಿಗೆ ಎಡೆ ಹಿಡಿದಿದ್ದರು. ಎಡೆಯ ಮುಂದೆ ಒಂದು ಹಿತ್ತಾಳೆ ತಂಬಿಗೆ, ಅದರ ಕಂಠದ ಸುತ್ತ ಉಪ್ಪಿನ ಬಿಳಿ ಗೆರೆ.

"ಉಪ್ಪುನೀರ ಇಟ್ಟೇನ್ರಿ. ಉಪ್ಪುನೀರಾಗ ಹೋದಾಂವ, ಸೀನೀರಿಟ್ರ ಗುರ್ತ ಹತ್ತಂಗಿಲ್ಲ" ಎಂದಳು ಬಾಳವ್ವ. ಆಮೇಲೆ ನನ್ನ ಹತ್ತಿರ ಸರಿದು ದನಿ ತಗ್ಗಿಸಿದಳು. "ಮಾಸ್ತರ, ನೀರಾಗ ಸತ್ತವ್ರು ಕನಸಿನ್ಯಾಗ ತೊಯ್ಸಿಕೊಂಡ ಬರ್ತಾರ. ನಮ್ಮಣ್ಣ ಒಮ್ಮೆನೂ ಹಂಗ ಬಂದಿಲ್ಲ, ಒಣಾ ಅಂಗಿ ಧೋತರದಾಗ ಬಂದ ನಿಂದರ್ತಾನ. ಆ ಹಡಗ ಖರೇನ ಮುಳಗಿತ್ತೇನ್ರಿ?"

"ಇಲ್ಲ ಆಯಿ, ಮುಳಗಿಲ್ಲ. ದಂಡಿ ಮುಟ್ಟೇತಿ."

ಅವಳು ಎಡೆಯ ಕಡೆ ತಿರುಗಿದಳು. "ಮನಿಗ್ಯಾಕ ಬರ್ಲಿಲ್ಲೋ ಅವಂಗ ಗೊತ್ತು. ಎಲ್ಲ್ಯರ ಬಾಳೇ ಮಾಡಿದ್ರೂ ಮಾಡ್ಲಿ. ನೀರಾಗ ಉಸರಗಟ್ಟಿ ಸಾಯ್ಲಿಲ್ಲಲ್ಲ, ಅಷ್ಟ ಸಾಕ್ರಿ" ಎಂದು ಕಣ್ಣೊರೆಸಿಕೊಂಡಳು. ಎಡೆಯ ಮುಂದಿನ ತಂಬಿಗೆ ಎತ್ತಿ ಉಪ್ಪುನೀರು ಚೆಲ್ಲಿ, ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಸಿಹಿನೀರು ತುಂಬಿ ತಂದು ಹೊಸ್ತಿಲ ಆಚೆ ಇಟ್ಟಳು. ಅಷ್ಟು ವರ್ಷ ಪಿತೃವಾಗಿದ್ದವನು ಆ ಕ್ಷಣದಿಂದ ನೆಂಟನಾದ.

ಊಟ ಮುಗಿಯಿತು. ಕೈ ತೊಳೆಯುವಾಗ ನನ್ನ ತಪ್ಪು ಹೊಳೆಯಿತು: ನಾನು ಲೆಕ್ಕ ಹಿಡಿದದ್ದು ಹಡಗುಗಳನ್ನು, ಮನುಷ್ಯರನ್ನಲ್ಲ. ಹಡಗು ದಡ ಸೇರಿತೆಂದರೆ ಅದರಲ್ಲಿದ್ದವರೆಲ್ಲ ಸೇರಿದರೆಂದು ಯಾವ ಕಾಗದವೂ ಹೇಳಿರಲಿಲ್ಲ. ಉರಿಯುವ ಹಡಗಿನಿಂದ ಎಷ್ಟು ಜನ ನೀರಿಗೆ ಹಾರಿದರೋ, ಅದನ್ನು ರಿಪೇರಿಯವರು ಯಾಕೆ ಬರೆದಿಡುತ್ತಾರೆ?

ಹೊರಡಲೆಂದು ನಾನೊಬ್ಬನೇ ಅಂಗಳಕ್ಕೆ ಬಂದೆ. ತಂಬಿಗೆಯ ನೀರು ಕಂಠದಿಂದ ಕೆಳಗಿಳಿದಿತ್ತು. ಅದರ ಪಕ್ಕದ ಕಲ್ಲಿನ ಮೇಲೆ ಎರಡು ಬರಿಗಾಲ ಗುರುತು, ಬೆರಳುಗಳು ಬಾಗಿಲ ಕಡೆಗೆ. ಇನ್ನೂ ಹಸಿ, ಅಂಚು ಒಣಗುತ್ತ ಬಂದಲ್ಲೆಲ್ಲ ಬಿಳಿಯ ಉಪ್ಪು. ಸವಳು ನೆಲ ತುಳಿದು ಬಂದ ಯಾರ ಕಾಲಾದರೂ ಹಾಗೆಯೇ ಒಣಗುತ್ತದೆ, ನಿಜ. ಆದರೆ ಎಲ್ಲರೂ ಒಳಗಿದ್ದರು, ಅಂಗಳ ದಾಟಿ ಹೋದ ಹೆಜ್ಜೆ ಒಂದೂ ಇರಲಿಲ್ಲ.

ಒಳಗಿನಿಂದ ಬಾಳವ್ವನ ಕೋಲಿನ ಸಪ್ಪಳ ಬಾಗಿಲ ಕಡೆ ಬರುತ್ತಿತ್ತು. ಒಂದೇ ಸಾಕ್ಷಿ, ಅದೂ ನನ್ನದೇ. ನನ್ನ ನಿಯಮದ ಪ್ರಕಾರ ಸಲ್ಲುವುದಲ್ಲ ಎಂದುಕೊಂಡೆ. ಅವಳ ಕಣ್ಣಿಗೆ ಬೀಳುವ ಮೊದಲೇ ಚಪ್ಪಲಿ ಮೆಟ್ಟಿದ ಕಾಲಿನಿಂದ ಆ ಕಲ್ಲನ್ನು ಒರೆಸಿದೆ.

ಇವತ್ತೂ ನನ್ನ ಮನೆಗೆ ಬಂದವರು ಕಾಲು ತೊಳೆದು ಒಳಗೆ ಬರುತ್ತಾರೆ. ಅವರ ಹೆಜ್ಜೆಗಳು ಒಣಗುವತನಕ ನಾನು ಅವರ ಮಾತಿಗೆ ಹೂಂಗುಟ್ಟುತ್ತೇನಾದರೂ ಕಣ್ಣು ಮಾತ್ರ ನೆಲದ ಮೇಲೇ ಇರುತ್ತದೆ.